ಔಟಾದವರು ಮತ್ತೆ ಬರುವ ಆಟ

ಶಾಲೆಗಳ ಕ್ರೀಡಾ ದಿನದಲ್ಲಿ ಕುರ್ಚಿ ಆಟ ಇರದಿದ್ದರೇ ಚೆನ್ನ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಹಾಡು ನಿಂತಾಗ ಕುರ್ಚಿ ಸಿಗದ ಮಗು ಹೊರಗೆ. ಮೊದಲು ಹೊರಬೀಳುವ ಮಗು ಯಾವುದು? ನಿಧಾನದ್ದು, ಸಣ್ಣದು, ತಳ್ಳಾಟಕ್ಕೆ ಅಂಜುವಂಥದು. ಆಡಿ ಆಡಿ ಚುರುಕಾಗಬೇಕಾದ ಮಗುವಿಗೇ ಎಲ್ಲರಿಗಿಂತ ಕಡಿಮೆ ಆಟ. ಉಳಿದ ಹೊತ್ತೆಲ್ಲ ಅದು ಗೋಡೆಯ ಪಕ್ಕ ಕೂತು ಬೇರೆಯವರು ಓಡುವುದನ್ನು ನೋಡಬೇಕು.

ಕಬಡ್ಡಿ ಹಾಗಿಲ್ಲ. ಏಳು ಜನರಲ್ಲಿ ಒಬ್ಬ ಔಟಾದರೆ ಗೆರೆಯಾಚೆ ಹೋಗಿ ಕೂರುತ್ತಾನೆ, ನಿಜ. ಆದರೆ ಅವನ ಕಡೆಯವರು ಎದುರಿನವನೊಬ್ಬನನ್ನು ಔಟ್ ಮಾಡಿದ ಕೂಡಲೇ ಅವನು ಬದುಕಿ ಒಳಗೆ ಬರುತ್ತಾನೆ. ಅದೂ ಸರದಿ ತಪ್ಪುವಂತಿಲ್ಲ: ಮೊದಲು ಹೋದವನೇ ಮೊದಲು ಬರಬೇಕು, ತಂಡದ ಹುಲಿಯಂಥ ಆಟಗಾರ ಆಮೇಲೆ ಔಟಾಗಿದ್ದರೆ ಅವನು ಕಾಯಲೇಬೇಕು. ಏಳೂ ಜನ ಔಟಾದರೆ ಎದುರಾಳಿಗೆ ಲೋನಾ ಎಂದು ಎರಡು ಅಂಕ ಹೆಚ್ಚಿಗೆ ಸಿಗುತ್ತದೆ. ಅಷ್ಟಾದ ಮೇಲೆ ಏಳೂ ಜನ ಎದ್ದು ಮತ್ತೆ ಅಂಕಣಕ್ಕೆ! ಪೂರ್ತಿ ಸತ್ತ ತಂಡವನ್ನು ಪೂರ್ತಿ ಬದುಕಿಸುವ ಈ ನಿಯಮ ನನಗೆ ಬಲು ಇಷ್ಟ. ಸೋತದ್ದಕ್ಕೆ ಬೆಲೆ ತೆರಬೇಕು, ಆದರೆ ಆಟ ಬಿಟ್ಟು ಹೋಗಬೇಕಾಗಿಲ್ಲ.

ಮಕ್ಕಳಿಗೆ ಸೋಲು ತಡೆದುಕೊಳ್ಳಲು ಬರುವುದಿಲ್ಲ ಎಂದು ದೊಡ್ಡವರು ಹೇಳುವುದನ್ನು ಕೇಳುತ್ತಿರುತ್ತೇನೆ. ತಮ್ಮ ಪಾಡಿಗೆ ಬಿಟ್ಟಾಗ ಅವರು ಸೋಲನ್ನು ಎಷ್ಟು ಜಾಣತನದಿಂದ ಸಂಭಾಳಿಸುತ್ತಾರೆ ಎಂಬುದನ್ನು ಬೀದಿಯಲ್ಲಿ ನೋಡಬೇಕು. ತಂಡ ಕಟ್ಟುವಾಗ ಸರಿಸಮ ಆಡುವ ಇಬ್ಬಿಬ್ಬರು ಜೊತೆಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬರುತ್ತಾರೆ. "ಸೂರ್ಯ ಬೇಕಾ, ಚಂದ್ರ ಬೇಕಾ?" ಕ್ಯಾಪ್ಟನ್ ಒಂದನ್ನು ಕೇಳುತ್ತಾನೆ, ಇನ್ನೊಬ್ಬ ಆಚೆಯ ತಂಡಕ್ಕೆ. ಎರಡೂ ಕಡೆಯ ಬಲ ಹೆಚ್ಚುಕಡಿಮೆ ಸಮವಾಗುತ್ತದೆ. ಒಂದು ಕಡೆಯೇ ಗೆಲ್ಲುತ್ತಿದ್ದರೆ ಆಟ ಸಪ್ಪೆ ಎಂಬುದು ಅವರಿಗೆ ಗೊತ್ತು. ಅಕ್ಕನ ಬೆನ್ನು ಬಿಡದೆ ಬಂದ ನಾಲ್ಕು ವರ್ಷದ ತಮ್ಮನನ್ನೂ ಅವರು ಓಡಿಸುವುದಿಲ್ಲ. ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನನ್ನು ಯಾರು ಮುಟ್ಟಿದರೂ ಅವನು ಔಟಲ್ಲ, ಓಡಿದ್ದು ಮಾತ್ರ ಎಲ್ಲರಷ್ಟೇ. ಲೆಕ್ಕಕ್ಕೆ ಸೇರುವ ದಿನ ತಾನಾಗಿ ಬರುತ್ತದೆ, ಬಂದಾಗ ಅವನೇ ಜಗಳ ತೆಗೆದು ಸೇರಿಕೊಳ್ಳುತ್ತಾನೆ.

ಆ ವಯಸ್ಸಿನ ಮಗುವಿಗೆ ಗೆಲುವೆಂದರೆ ಏನು ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ಗೋಲಿಯಾಟ ಹಿಡಿದುಕೊಂಡೇ ಪರೀಕ್ಷಿಸಿದ್ದ. ನ್ಯೂಶಾಟೆಲ್ ಮತ್ತು ಜಿನೀವಾದ ಮಕ್ಕಳ ಜೊತೆ ಕೂತು, ನಿಯಮ ಕೇಳುತ್ತ, ತಾನೂ ಆಡುತ್ತ ಕಲೆಹಾಕಿದ್ದನ್ನೆಲ್ಲ 1932ರಲ್ಲಿ ಪುಸ್ತಕವಾಗಿ ತಂದ. ಸಣ್ಣ ಮಕ್ಕಳು ಒಟ್ಟಿಗೆ ಆಡುವಂತೆ ಕಂಡರೂ ಒಬ್ಬೊಬ್ಬರದೂ ತಮ್ಮದೇ ಆಟ. ಎಲ್ಲರೂ ಏಕಕಾಲಕ್ಕೆ ಗೆಲ್ಲಬಹುದು. ಏಳೆಂಟು ವರ್ಷದ ಹೊತ್ತಿಗೆ ಒಬ್ಬರನ್ನೊಬ್ಬರು ಸೋಲಿಸುವ ಹುರುಪು ಹುಟ್ಟುತ್ತದೆ, ಅದರ ಜೊತೆಗೇ ಎಲ್ಲರಿಗೂ ಒಂದೇ ನಿಯಮ ಇರಲಿ ಎಂಬ ಹಟವೂ. ನಮ್ಮ ಎಲ್‌ಕೆಜಿ ಮಕ್ಕಳ ಓಟದ ಪಂದ್ಯ ನೆನೆಸಿಕೊಳ್ಳಿ. ಅರ್ಧ ದಾರಿಯಲ್ಲಿ ಅಮ್ಮ ಕಂಡಳೆಂದು ಒಂದು ಮಗು ಅತ್ತ ತಿರುಗುತ್ತದೆ, ಇನ್ನೊಂದು ಬಿದ್ದ ಗೆಳೆಯನಿಗಾಗಿ ನಿಲ್ಲುತ್ತದೆ, ಕೊನೆಗೆ ಬಂದದ್ದೂ "ನಾನೂ ಫಸ್ಟ್!" ಅನ್ನುತ್ತದೆ. ಅಂಥ ಮಕ್ಕಳನ್ನು ಒಂದು, ಎರಡು, ಮೂರು ಎಂದು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ದೊಡ್ಡ ಮಕ್ಕಳ ಮಾತು ಬೇರೆ. ಅವರಿಗೆ ಗೆಲ್ಲಲೇಬೇಕು, ಸೋತರೆ ಅಳು ಬರಲೇಬೇಕು. ಅದನ್ನು ಕಸಿಯಬಾರದು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ಸೋತು ಬಂದ ಹುಡುಗಿಯರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚದೆ ಕೂತಿರುತ್ತಾರೆ. ಪಿ.ಟಿ. ಮೇಷ್ಟ್ರು "ಇರಲಿ ಬಿಡ್ರಮ್ಮಾ, ಭಾಗವಹಿಸೋದೇ ಮುಖ್ಯ" ಅನ್ನುತ್ತಾರೆ. ಮನಸಾರೆ ಹೇಳಿದ ಮಾತೇ. ಆದರೆ ಎಷ್ಟು ಹೊತ್ತು ಭಾಗವಹಿಸಿದರು? ಜೂನ್‌ನಿಂದ ಸಂಜೆ ಸಂಜೆ ಬೆವರು ಸುರಿಸಿ ಕಲಿತದ್ದಕ್ಕೆ ಸಿಕ್ಕಿದ್ದು ಅರ್ಧ ಗಂಟೆಯ ಒಂದು ಪಂದ್ಯ. ನಾಕ್‌ಔಟ್ ಪದ್ಧತಿಯಲ್ಲಿ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಅರ್ಧ ಶಾಲೆಗಳ ವರ್ಷದ ಆಟ ಮುಗಿದುಹೋಗುತ್ತದೆ. ಒಳಗೆ ಔಟಾದವರನ್ನು ಮತ್ತೆ ಮತ್ತೆ ಕರೆಯುವ ಕಬಡ್ಡಿಯನ್ನೇ, ಹೊರಗಿನಿಂದ ನಾವು ಕುರ್ಚಿ ಆಟ ಮಾಡಿದ್ದೇವೆ. ಆ ಹುಡುಗಿಯರಿಗೆ ಬೇಕಾಗಿರುವುದು ಸಮಾಧಾನದ ಮಾತಲ್ಲ, ಇನ್ನೊಂದು ಪಂದ್ಯ.

ಬೆಂಗಳೂರಿನ ಕ್ರಿಕೆಟಿಗ ರಾಹುಲ್ ದ್ರಾವಿಡ್ ಇದನ್ನು ಚೆನ್ನಾಗಿ ಬಲ್ಲವರು. 19 ವರ್ಷದೊಳಗಿನವರ ಭಾರತ ತಂಡ 2016ರ ವಿಶ್ವಕಪ್ ಫೈನಲ್‌ನಲ್ಲಿ ಸೋತಾಗಲೂ 2018ರಲ್ಲಿ ಕಪ್ ಗೆದ್ದಾಗಲೂ ಅವರೇ ಕೋಚ್. ಭಾರತ 'ಎ' ತಂಡದ ಪ್ರವಾಸಕ್ಕೆ ಬಂದವರಿಗೆಲ್ಲ ಆಡಲು ಅವಕಾಶ ಸಿಕ್ಕೇ ಸಿಗುತ್ತದೆ ಎಂದು ಅವರು ಮೊದಲೇ ಮಾತು ಕೊಡುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಪ್ರವಾಸ ಹೋಗಿ, ಆಡದೆ ಹಿಂತಿರುಗುವ ಬೇಸರ ತಾವೇ ಉಂಡಿದ್ದರಂತೆ. ಒಬ್ಬ ಹುಡುಗ ಎರಡು ಸಲ 19ರೊಳಗಿನ ವಿಶ್ವಕಪ್ ಆಡುವುದು ಬೇಡ, ಆ ಜಾಗ ಇನ್ನೊಬ್ಬನಿಗೆ ಸಿಗಲಿ ಎಂದವರೂ ಅವರೇ. ದೇಶದ ತಂಡಕ್ಕೆ ಆಗುವುದು ಹೋಬಳಿಗೆ ಯಾಕಾಗಬಾರದು?

ಲೆಕ್ಕ ಕಷ್ಟದ್ದೇನಲ್ಲ. ಹದಿನಾರು ತಂಡ ಬಂದರೆ ಮೊದಲ ಸುತ್ತಿನಲ್ಲಿ ಸೋಲುವುದು ಎಂಟು. ಗೆದ್ದ ಎಂಟು ತಂಡಗಳ ನಾಲ್ಕು ಕ್ವಾರ್ಟರ್ ಫೈನಲ್ ನಡೆಯುವ ಹೊತ್ತಿಗೇ, ಸೋತ ಎಂಟಕ್ಕೂ ಪಕ್ಕದ ಅಂಕಣದಲ್ಲಿ ನಾಲ್ಕು ಪಂದ್ಯ ಆಡಿಸಬಹುದು. ಕೂಟ ತಡವಾಗುವುದಿಲ್ಲ, ಕಪ್ ಯಾರಿಗೆ ಎಂಬುದೂ ಬದಲಾಗುವುದಿಲ್ಲ. ಬೇಕಾಗುವುದು ಗೆರೆ ಎಳೆಯಲು ಇನ್ನೊಂದಿಷ್ಟು ಸುಣ್ಣದ ಪುಡಿ, ಇನ್ನೊಂದು ಸೀಟಿ, ಅಂಕ ಬರೆಯಲು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ತೀರ್ಪುಗಾರರಂತೂ ಮರದ ನೆರಳಲ್ಲೇ ಸಿಗುತ್ತಾರೆ: ಸೋತ ಶಾಲೆಗಳ ಮೇಷ್ಟ್ರುಗಳು.