ಹಂಪೆಯ ಬಿಸಿಲು ಕಲಿಸಿದ ಪಾಠ

ಬೇಸಿಗೆ ರಜ ಬಂತೆಂದರೆ ಮಕ್ಕಳಿಗೆ ಸಂಭ್ರಮ, ನಮಗೆ ಚಾಕರಿ. ಕಳೆದ ವರ್ಷ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿರುವ ನನ್ನ ನಾದಿನಿ, "ಅತ್ತಿಗೆ, ಎಷ್ಟು ವರ್ಷದಿಂದ ಬರ್ತೀನಿ ಬರ್ತೀನಿ ಅಂತೀರಿ. ಈ ಸಲ ಬಂದೇ ಬಿಡಿ, ಹಂಪೆ ನೋಡಿದ ಹಾಗೂ ಆಗುತ್ತೆ" ಎಂದು ಫೋನಿನಲ್ಲಿ ಹಠ ಹಿಡಿದಳು. ಸರಿ, ತಿಪಟೂರಿನಿಂದ ನಾವು ನಾಲ್ವರು ಹೊರಟೆವು. ತೆಂಗಿನ ತೋಟದ ನೆರಳು ಕಂಡ ನಮಗೆ ಅಲ್ಲಿಯ ಬಿಸಿಲೇ ಬೇರೆ. ಬಸ್ಸಿನಿಂದ ಇಳಿದ ಕೂಡಲೇ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು.

ಮಾರನೆಯ ದಿನ ಹಂಪೆಗೆ. ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ನಾದಿನಿಯೂ ನಾನೂ ಎಂಟು ಜನಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿದೆವು. ಎಲ್ಲರ ಸ್ನಾನ, ತಿಂಡಿ ಮುಗಿದು ಹೊರಡುವಷ್ಟರಲ್ಲಿ ಒಂಬತ್ತೂವರೆ. ನನ್ನ ಹೊಟ್ಟೆಗೆ ಬಿದ್ದದ್ದು ಎರಡು ಲೋಟ ಕಾಫಿ, ಒಂದು ಹಿಡಿ ಅವಲಕ್ಕಿ, ಅಷ್ಟೇ.

ನೀರು? ನಿಮ್ಮ ಹತ್ತಿರ ಹೇಳಲು ನಾಚಿಕೆಯೇನು, ಊರು ಬಿಟ್ಟು ಹೊರಟ ದಿನ ನಾನು ನೀರು ಮುಟ್ಟುವವಳೇ ಅಲ್ಲ. ದಾರಿಯಲ್ಲಿ ಒಂದಕ್ಕೆ ಬಂದರೆ ಎಲ್ಲಿಗೆ ಹೋಗುವುದು? ಗಂಡಸರಿಗೇನು, ಮರದ ಮರೆ ಸಾಕು. ನಮ್ಮಮ್ಮನೂ ಹೀಗೇ ಮಾಡುತ್ತಿದ್ದಳು. ನನಗೂ ಅದೇ ಅಭ್ಯಾಸ ಬಂದಿದೆ. ನಿಮ್ಮಲ್ಲೂ ಎಷ್ಟೋ ಜನ ಹೀಗೇ ಮಾಡುತ್ತೀರಿ, ನನಗೆ ಗೊತ್ತು!

ವಿರೂಪಾಕ್ಷನ ದರ್ಶನವಾಯಿತು. ಹೇಮಕೂಟದ ಮೇಲಿನ ಹಳೆಯ ಗುಡಿಗಳು, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ ಎಲ್ಲ ನೋಡಿದೆವು. ಕಣ್ಣು ಹಾಯಿಸಿದಷ್ಟೂ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು. ನೋಡಲು ಚೆಂದವೇ, ಆದರೆ ಹನ್ನೊಂದು ಗಂಟೆಯಾಗುತ್ತಲೂ ಆ ಬಂಡೆಗಳೆಲ್ಲ ಕಾದ ಕಾವಲಿ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು, ನಡುವೆ ನಾವು.

ವಿಜಯವಿಠ್ಠಲ ದೇವಸ್ಥಾನಕ್ಕೆ ವಾಹನದಲ್ಲಿ ಸುತ್ತಿ ಹೋಗಬಹುದಿತ್ತು. "ಹೊಳೆ ಪಕ್ಕದ ದಾರಿಯಲ್ಲಿ ನಡೆದರೆ ಎರಡು ಕಿಲೋಮೀಟರ್, ಆರಾಮ" ಎಂದರು ಇವರು. ಮಕ್ಕಳೂ ಕುಣಿದರು. ಬೇಡ ಎಂದು ನಾನೇಕೆ ಎನ್ನಲಿ? ಊಟದ ಚೀಲ ಹೆಗಲಿಗೇರಿಸಿ ಹೊರಟೆ. ತಂದಿದ್ದ ಎರಡು ಬಾಟಲಿ ನೀರು ಕೋದಂಡರಾಮನ ಗುಡಿ ದಾಟುವಷ್ಟರಲ್ಲಿ ಮಕ್ಕಳ ಹೊಟ್ಟೆ ಸೇರಿತ್ತು.

ಮೊದಲು ತಲೆ ಸಿಡಿಯತೊಡಗಿತು. ಆಮೇಲೆ ಮೀನಖಂಡ ಹಿಡಿದುಕೊಂಡಿತು. ಹೊಟ್ಟೆ ತೊಳಸಿತು. ರವಿಕೆಯೆಲ್ಲ ಒದ್ದೆ, ಬಾಯಿ ಮಾತ್ರ ಒಣ. ಎಡಗಡೆ ತುಂಗಭದ್ರೆ ಹರಿಯುತ್ತಿದ್ದಾಳೆ, ನನ್ನ ನಾಲಿಗೆ ಅಂಗುಳಿಗೆ ಅಂಟಿದೆ! ಆದರೂ ಸುಸ್ತಾಯಿತು ಎನ್ನಲಿಲ್ಲ. ಎಲ್ಲರ ಖುಷಿ ಹಾಳಾಗುತ್ತದಲ್ಲ. ರಾಜರ ತುಲಾಭಾರದ ಕಲ್ಲುಕಂಬಗಳು ಕಂಡದ್ದು ನೆನಪಿದೆ. ಆಮೇಲೆ ಕಣ್ಣು ಕತ್ತಲೆ ಬಂತು, ಕುಸಿದೆ.

ಎಚ್ಚರವಾದಾಗ ಒಂದು ಮಂಟಪದ ನೆರಳಿನಲ್ಲಿ ಮಲಗಿದ್ದೆ. ಸೌತೆಕಾಯಿ, ಮಜ್ಜಿಗೆ ಮಾರುವ ಅಜ್ಜಿಯೊಬ್ಬಳು ನನ್ನ ಕಾಲು ಎತ್ತರಿಸಿ, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. "ಯವ್ವಾ, ಮುಂಜಾನಿಂದ ನೀರು ಕುಡದಿಲ್ಲ ಹೌದಿಲ್ಲೋ? ಗಟಗಟ ಕುಡಿಬ್ಯಾಡ, ಒಂದೊಂದ ಗುಟುಕು ಕುಡಿ. ಗುಡಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಉಪ್ಪು ಹಾಕಿದ ಮಜ್ಜಿಗೆ ಕೊಟ್ಟಳು. ನಾದಿನಿ ಅಳುತ್ತಿದ್ದಳು. ಇವರ ಮುಖ ಬಿಳಿಚಿತ್ತು. ಕಲ್ಲಿನ ರಥ ನೋಡದೆಯೇ ಹೊಸಪೇಟೆಗೆ ಮರಳಿದೆವು.

ಸಂಜೆ ಕಂಡ ಲೇಡಿ ಡಾಕ್ಟರು ಚೆನ್ನಾಗಿ ಬೈದರು. ಮೈಯ ಕಾವು ಇಳಿಯುವುದು ಬೆವರಿನಿಂದ, ಬೆವರಿಗೆ ನೀರು ಬೇಕು. ನೀರಿಲ್ಲದೆ ಬಿಸಿಲಿನಲ್ಲಿ ದುಡಿದರೆ ಒಳಗಿನ ಶಾಖ ಏರುತ್ತಲೇ ಹೋಗುತ್ತದೆ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಮೊದಲ ಎಚ್ಚರಿಕೆಗಳು. ಅಲ್ಲಿಗೇ ನಿಲ್ಲಬೇಕು. ನಿಲ್ಲದೆ ಹೋದರೆ ಮೈಶಾಖ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಪ್ರಾಣಕ್ಕೇ ಸಂಚಕಾರ. "ಒಂದಕ್ಕೆ ಹೋಗಬೇಕಾಗುತ್ತೆ ಅಂತ ನೀರು ಬಿಡ್ತೀರಲ್ಲಮ್ಮ, ಮೂತ್ರ ಗಾಢ ಹಳದಿ ಆಯ್ತು ಅಂದ್ರೆ ಮೈ ಒಣಗ್ತಿದೆ ಅಂತ ಅರ್ಥ. ಉರಿಮೂತ್ರಕ್ಕೂ ಅದೇ ದಾರಿ" ಎಂದರು.

ಮೂರನೆಯ ದಿನ ಬೆಳಿಗ್ಗೆ ಬೇಗನೆ, ತಂಪು ಹೊತ್ತಿನಲ್ಲಿ, ವಾಹನದಲ್ಲೇ ಮತ್ತೆ ಹೋದೆವು. ಕಲ್ಲಿನ ರಥವನ್ನು ಕಣ್ತುಂಬ ನೋಡಿದೆ. ಅದಕ್ಕಿಂತ ಮನಸ್ಸಿನಲ್ಲಿ ನಿಂತದ್ದು ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿ, ಅಲ್ಲಿಗೆ ನೀರು ತರಲು ಕಲ್ಲುಕಂಬಗಳ ಮೇಲೆ ಸಾಗುವ ಕಲ್ಲಿನ ಕಾಲುವೆ. ಆ ಬಿಸಿಲಿನಲ್ಲಿ ನಗರ ಕಟ್ಟಿದವರು ಅಷ್ಟು ದೂರದಿಂದ ನೀರು ತಂದುಕೊಂಡರು. ನಾನೋ, ಕೈಯಲ್ಲಿದ್ದ ನೀರನ್ನೂ ಕುಡಿಯದೆ ಬಿದ್ದೆ!

ಸೋದರಿಯರೇ, ಅಂದಿನಿಂದ ನಾನು ಪಾಲಿಸುತ್ತಿರುವುದು ಇಷ್ಟು:

ಬೇಸಿಗೆಯಲ್ಲಿ ಸುತ್ತಾಟ ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ನಂತರ. ನಡುಹಗಲು ನೆರಳಿನಲ್ಲಿ.

ಬಾಯಾರಿಕೆಗೆ ಕಾಯದೆ ಆಗಾಗ ನೀರು. ಜೊತೆಗೆ ನೀರುಮಜ್ಜಿಗೆ, ಎಳನೀರು, ಚಿಟಿಕೆ ಉಪ್ಪು ಹಾಕಿದ ಬೆಲ್ಲದ ಪಾನಕ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ನೀರು, ಉಪ್ಪು, ಎಳನೀರು ಎಷ್ಟೆಂದು ಡಾಕ್ಟರನ್ನು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಪಾನಕ ಬೇಡ.

ಚೀಲದಲ್ಲಿ ಒಂದು ಓ.ಆರ್.ಎಸ್. ಪೊಟ್ಟಣ. ಸಿಗದಿದ್ದರೆ, ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು.

ಯಾರಾದರೂ ಬಿಸಿಲಿಗೆ ಬಿದ್ದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ, ಬೆವರುತ್ತಿದ್ದರೂ ಸರಿ, ಬಾಯಿಗೆ ನೀರು ಹಾಕಬೇಡಿ. ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು, ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಿ.

ಮತ್ತೊಂದು ಮಾತು. ಹೋದ ಕಡೆಯಲ್ಲೆಲ್ಲ ಶೌಚಾಲಯ ಎಲ್ಲಿದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಗಂಡನನ್ನೂ ಕೇಳಲು ಕಳಿಸಿ, ಸಂಕೋಚ ಬೇಡ. ಈಗ ನಮ್ಮನೆಯವರು ವಾಹನ ನಿಲ್ಲಿಸಿದ ಕೂಡಲೇ ಕೇಳುವುದು ಅದನ್ನೇ. ಮನೆಯವರಿಗೆಲ್ಲ ಬಡಿಸಿ ಉಳಿದರೆ ನಾವು ಉಣ್ಣುತ್ತೇವೆ. ಅಭ್ಯಾಸವಾಗಿದೆ, ಇರಲಿ. ಆದರೆ ನೀರನ್ನು ಮಾತ್ರ ಹಾಗೆ ಉಳಿದರೆ ಕುಡಿಯೋಣ ಎಂದು ಬಿಡಬೇಡಿ. ಈ ಬೇಸಿಗೆಯಲ್ಲಿ ಹೊರಡುವಾಗ ನಿಮ್ಮದೇ ಆದ ಒಂದು ಬಾಟಲಿ ಚೀಲದಲ್ಲಿರಲಿ. ಅದನ್ನು ನೀವೇ ಕುಡಿದು ಮುಗಿಸಿ.