ನೋವು ಕೇಳುವ ಯಂತ್ರ

ಕಥೆ ಬರೆಯುವವರ ಬಳಿ ಜನ ತಮ್ಮ ನೋವು ತೋಡಿಕೊಳ್ಳುತ್ತಾರೆ. ನಾನು 'ಹೌದಾ, ಆಮೇಲೆ?' ಎನ್ನುತ್ತೇನೆ, ಅಷ್ಟೆ. ಇಷ್ಟನ್ನು ಯಂತ್ರವೂ ಮಾಡಬಲ್ಲದೆಂದು ಮೊದಲು ತೋರಿಸಿದವರಲ್ಲಿ ಜೋಸೆಫ್ ವೈಜೆನ್‌ಬಾಮ್ ಮುಖ್ಯರು.

1923ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು, ಹಿಟ್ಲರನ ಆಡಳಿತದಲ್ಲಿ, 1936ರಲ್ಲಿ ಮನೆಯವರೊಂದಿಗೆ ಅಮೆರಿಕಕ್ಕೆ ಹೋದರು. ಅಲ್ಲಿನ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದಾಗ 'ಎಲೈಜಾ' ಎಂಬ ಪ್ರೋಗ್ರಾಂ ರಚಿಸಿ, 1966ರಲ್ಲಿ ಅದರ ವಿವರ ಪ್ರಕಟಿಸಿದರು. ಮನೋಚಿಕಿತ್ಸಕರಂತೆ ಮಾತನಾಡುತ್ತಿದ್ದ ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಟೈಪಿಸಿದ ವಾಕ್ಯದಲ್ಲಿ ಕೆಲವು ಪದಗಳನ್ನು ಹುಡುಕಿ, 'ನನ್ನ' ಇದ್ದಲ್ಲಿ 'ನಿಮ್ಮ' ಹಾಕಿ, ಪ್ರಶ್ನೆಯಾಗಿ ಮರಳಿಸುತ್ತಿತ್ತು. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ಕುಳಿತಾಗ, ತುಸು ಹೊರಗಿರಿ ಎಂದು ಅವರನ್ನು ಕೇಳಿಕೊಂಡರಂತೆ!

ವೈಜೆನ್‌ಬಾಮ್ ಬೆಚ್ಚಿದರು. ಕೆಲವು ಮನೋವೈದ್ಯರು ಇದನ್ನು ಚಿಕಿತ್ಸೆಗೇ ಬಳಸಬಹುದು ಎಂದಾಗ ಕಳವಳ ಹೆಚ್ಚಿತು. ಯಂತ್ರಕ್ಕೆ ಸಾಧ್ಯವಾದರೂ ಅದಕ್ಕೆ ಒಪ್ಪಿಸಬಾರದ ಕೆಲಸಗಳಿವೆ ಎಂದು 1976ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 2008ರಲ್ಲಿ ತೀರಿಕೊಂಡರು.

2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಈಗ ಯಂತ್ರ ಕನ್ನಡದಲ್ಲೂ ಉರ್ದುವಿನಲ್ಲೂ ಸಮಾಧಾನ ಹೇಳುತ್ತದೆ. ನಿದ್ದೆ ಬಾರದವರು ನಡುರಾತ್ರಿ ಅದರೆದುರು ದುಃಖ ಹೇಳಿಕೊಳ್ಳುತ್ತಾರೆ. ಅವರನ್ನು ಕಂಡು ನಗಲಾರೆ. ಕೇಳುವವರು ಮನೆಯಲ್ಲಿದ್ದಿದ್ದರೆ ಅಲ್ಲಿಗೇಕೆ ಹೋಗುತ್ತಿದ್ದರು?

ಉರ್ದುವಿನಲ್ಲಿ 'ಹಮ್‌ದರ್ದ್' ಎಂಬ ಪದವಿದೆ. ನೋವಿನಲ್ಲಿ ಜೊತೆಯಾದವರು ಎಂದರ್ಥ. ಜೊತೆಯಾಗಲು ತನಗೂ ಒಂದು ನೋವಿರಬೇಕು. ಅದು ಯಂತ್ರಕ್ಕಿಲ್ಲ, ನಮಗಿದೆ. ಆದರೆ ಪಕ್ಕದ ಮನೆಯವರ ಮಾತು ಅರ್ಧ ಗಂಟೆ ಕೇಳಲು ನಮ್ಮಲ್ಲಿ ಎಷ್ಟು ಜನರಿಗೆ ಪುರುಸೊತ್ತಿದೆ?