ಹೂಂಗುಟ್ಟುವವರಿಗೊಂದು ಕಥೆ

ಕಥೆ ಕೇಳುವವರು ಹೂಂಗುಟ್ಟಬೇಕು ಎಂಬುದು ನಮ್ಮಲ್ಲಿ ಹಳೆಯ ಕರಾರು. ಒಂದೂರಲ್ಲಿ ಒಬ್ಬ ರಾಜ ಇದ್ದ ಅಂದರೆ ಹೂಂ, ಅವನಿಗೆ ಏಳು ಜನ ಹೆಂಡಿರು ಅಂದರೂ ಹೂಂ. ಏಳೇ ಯಾಕೆ ಎಂದು ಯಾರೂ ತಡೆದು ಕೇಳುವುದಿಲ್ಲ, ಹೇಳುವವರೂ ಅದಕ್ಕೆ ಸಿದ್ಧರಾಗಿರುವುದಿಲ್ಲ. ಡಿಸ್ನಿಯವರು ತಮ್ಮದೇ 1991ರ ಕಾರ್ಟೂನ್ ಚಿತ್ರವನ್ನು ನಟನಟಿಯರನ್ನಿಟ್ಟು ಮತ್ತೆ ತೆಗೆದ 2017ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ನಲ್ಲಿ ನನಗೆ ಬೇಸರ ತರಿಸಿದ್ದು ಇದೇ ವಿಷಯ. ನೋಡುವವರು ಹೂಂ ಅನ್ನುತ್ತಾರೋ ಇಲ್ಲವೋ ಎಂಬ ಅಳುಕು ಆ ಚಿತ್ರವನ್ನು ಮೊದಲಿಂದ ಕೊನೆವರೆಗೂ ಕಾಡುತ್ತದೆ.

ಹಳೆಯದು 84 ನಿಮಿಷ, ಹೊಸದು 129. ಹೆಚ್ಚಿಗೆ ಬಂದ ಮುಕ್ಕಾಲು ಗಂಟೆಯಲ್ಲಿ ಬಹುಪಾಲು ಸಮಜಾಯಿಷಿಗೇ ಹೋಗಿದೆ. ಇಷ್ಟು ಹತ್ತಿರದ ಅರಮನೆ ಊರಿನವರಿಗೆ ಯಾಕೆ ಗೊತ್ತಿಲ್ಲ? ಮಾಟಗಾತಿ ನೆನಪು ಅಳಿಸಿದ್ದಳು. ಶಾಪದಿಂದ ಮೃಗವಾದ ರಾಜಕುಮಾರ ಯಾಕೆ ಕಟುಕ? ತಾಯಿ ತೀರಿಕೊಂಡಳು, ತಂದೆ ಹಾಳು ಮಾಡಿದ. ಪಾಪದ ಆಳುಗಳಿಗೇಕೆ ಶಾಪ? ತಂದೆ ಹುಡುಗನನ್ನು ಕೆಡಿಸುವಾಗ ಅವರು ಸುಮ್ಮನಿದ್ದರು. ಕಥಾನಾಯಕಿ ಬೆಲ್‌ಳ ತಾಯಿ ಎಲ್ಲಿ? ಅದಕ್ಕೆ ಮಾಯಾಪುಸ್ತಕವೊಂದು ಅವಳನ್ನು ಪ್ಯಾರಿಸ್ಸಿಗೇ ಕರೆದೊಯ್ದು, ಪ್ಲೇಗಿಗೆ ಬಲಿಯಾದ ತಾಯಿಯ ಕೋಣೆ ತೋರಿಸುತ್ತದೆ. ಒಂದೊಂದು ಉತ್ತರ ಸಿಕ್ಕಹಾಗೂ ಕಥೆಯ ಕಾಡು ಒಂದೊಂದು ಮರ ಕಳೆದುಕೊಳ್ಳುತ್ತದೆ.

ಇಷ್ಟೆಲ್ಲ ಸೇರಿಸಿದವರು ಮೂಲದ ಜೀವಾಳವನ್ನು ಮಾತ್ರ ಹೊರಗೇ ಬಿಟ್ಟಿದ್ದಾರೆ. 1740ರಲ್ಲಿ ವಿಲ್‌ನೋವ್ ಎಂಬಾಕೆ ಫ್ರೆಂಚಿನಲ್ಲಿ ಉದ್ದವಾಗಿ ಬರೆದಿದ್ದ ಕಥೆಯನ್ನು 1756ರಲ್ಲಿ ಚಿಕ್ಕದು ಮಾಡಿದವಳು ಬೋಮೋಂಟ್, ಇಂಗ್ಲೆಂಡಿನಲ್ಲಿ ಮನೆಪಾಠದ ಮೇಡಂ ಆಗಿದ್ದವಳು. ಅದರಲ್ಲಿ ಮೃಗ ರಾತ್ರಿಯೂಟದ ಹೊತ್ತಿಗೆ ಬಂದು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳುತ್ತದೆ. ಹುಡುಗಿ ಇಲ್ಲ ಅನ್ನುತ್ತಾಳೆ. ನಿಟ್ಟುಸಿರಿಟ್ಟು ಹೋಗುತ್ತದೆ. ಮರುರಾತ್ರಿ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟು ಬಲಶಾಲಿಯಾದ ಪ್ರಾಣಿಗೆ ಒಂಟಿ ಹುಡುಗಿ ದಿನವೂ ಎದುರು ಕೂತು ಇಲ್ಲ ಎನ್ನಬಲ್ಲಳು, ಅದು ಕೇಳಿ ತಲೆತಗ್ಗಿಸಬಲ್ಲದು. ಹುಡುಗಿಯರಿಗೆಂದು ಬರೆದ ಕಥೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹೊಸ ಚಿತ್ರ ಬೆಲ್‌ಳನ್ನು ಗಟ್ಟಿಗಿತ್ತಿ ಮಾಡಲು ಕತ್ತೆ ಕಟ್ಟಿ ತಿರುಗಿಸುವ ಬಟ್ಟೆ ಒಗೆಯುವ ಪೀಪಾಯಿಯನ್ನು ಅವಳ ಕೈಲಿ ಕಂಡುಹಿಡಿಸುತ್ತದೆ. ದಿನವೂ ಇಲ್ಲ ಅನ್ನುವ ಆ ಧೈರ್ಯದ ಮುಂದೆ ಪೀಪಾಯಿ ಯಾವ ಲೆಕ್ಕ!

ಆ ಪ್ರಶ್ನೆಯನ್ನು ಉಳಿಸಿಕೊಂಡವನು ಫ್ರಾನ್ಸಿನ ಕವಿ ಝಾನ್ ಕಾಕ್ಟೋ. ಅವನ ಚಿತ್ರ 1946ರದು. ಯುದ್ಧ ಆಗಷ್ಟೇ ಮುಗಿದು ದೇಶದಲ್ಲಿ ಎಲ್ಲಕ್ಕೂ ತತ್ವಾರವಿದ್ದ ಕಾಲ. ಮಗುವಿನಂತೆ ನಂಬಿ ನೋಡಿ ಎಂದು ಶುರುವಿಗೇ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾನೆ. ಆಮೇಲೆ ಅರಮನೆಯ ಕತ್ತಲ ಹಜಾರ: ಗೋಡೆಯಿಂದ ಮನುಷ್ಯರ ತೋಳುಗಳು ಚಾಚಿ ದೀಪದಕಂಬ ಹಿಡಿದಿವೆ. ಒಲೆಯ ಪಕ್ಕದ ಕಲ್ಲುಮುಖಗಳು ಕಣ್ಣು ಹೊರಳಿಸಿ ನೋಡುತ್ತವೆ. ಬೇಟೆ ಮುಗಿಸಿ ಬಂದ ಮೃಗದ ಕೈಯಿಂದ ಹೊಗೆ ಏಳುತ್ತದೆ, ಅದು ನಾಚಿಕೆಯಿಂದ ಆ ಕೈಗಳನ್ನೇ ನೋಡಿಕೊಳ್ಳುತ್ತದೆ. ಯಾಕೆ ಹೊಗೆ ಎಂದು ಯಾರೂ ಹೇಳುವುದಿಲ್ಲ, ನಮಗೂ ಬೇಕೆನಿಸುವುದಿಲ್ಲ. ಝಾನ್ ಮರೇ ಗಂಟೆಗಟ್ಟಲೆ ಕೂತು ಮುಖಕ್ಕೆ ಕೂದಲು ಅಂಟಿಸಿಕೊಂಡು ಮಾಡಿದ ಪಾತ್ರ ಅದು. ಹೊಸದರ ಡ್ಯಾನ್ ಸ್ಟೀವನ್ಸ್ ಕೂಡ ಮರಗಾಲು ಕಟ್ಟಿಕೊಂಡು, ಭಾರದ ಉಡುಪು ತೊಟ್ಟು ಕಷ್ಟಪಟ್ಟಿದ್ದಾನೆ. ಆದರೆ ಮುಖಭಾವವನ್ನು ಬೇರೆಯಾಗಿ ಸೆರೆಹಿಡಿದು ಕಂಪ್ಯೂಟರಿನಲ್ಲಿ ಕೂಡಿಸಿದ್ದರಿಂದ, ಆ ತುಪ್ಪಟದಡಿ ಮೈಬಿಸಿ ಇದೆ ಅನ್ನಿಸುವುದೇ ಇಲ್ಲ.

ಮರೇ ಮೃಗವೂ ಹೌದು, ಬೆಲ್‌ಳ ಹಿಂದೆ ಬಿದ್ದ ಊರಿನ ಸುಂದರಾಂಗನೂ ಹೌದು, ಕಡೆಗೆ ರಾಜಕುಮಾರನೂ ಅವನೇ. ನಮ್ಮ ‘ನಾಗಮಂಡಲ’ದಲ್ಲಿ ಪ್ರಕಾಶ್ ರೈ ಹಗಲಿನ ಒರಟು ಗಂಡನೂ ರಾತ್ರಿಯ ನಾಗಪ್ಪನೂ ಆದದ್ದು ನೆನಪಾಗುತ್ತದೆ. ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ ಜನಪದ ಕಥೆ, 1997ರಲ್ಲಿ ನಾಗಾಭರಣರ ಚಿತ್ರ. ಹಾವು ಗಂಡನ ರೂಪ ತಾಳಿದ್ದು ಹೇಗೆ ಎಂದು ಅಲ್ಲಿ ಪಾಠ ಮಾಡುವವರಿಲ್ಲ. ಮೃಗಗಂಡನ ಕಥೆಗಳು ಎಲ್ಲೆಡೆ ಇವೆ, ಎಲ್ಲೆಡೆಯೂ ಈ ವಿಷಯದಲ್ಲಿ ಬಾಯಿ ಬಿಗಿಹಿಡಿದೇ ಬದುಕಿವೆ.

ಹೊಸ ಚಿತ್ರದಲ್ಲಿ ಮೆಚ್ಚಿದ್ದೂ ಇದೆ. ಜಂಬದ ಗ್ಯಾಸ್ಟನ್ ಆಗಿ ಲ್ಯೂಕ್ ಇವಾನ್ಸ್ ಸೊಗಸು. ಕಾರ್ಟೂನಿನಲ್ಲಿ ಕೈಬಿಟ್ಟಿದ್ದ, ಮಗಳು ಅಪ್ಪನ ಹತ್ತಿರ ಗುಲಾಬಿ ತರಲು ಹೇಳುವ ಪ್ರಸಂಗವನ್ನು ಮರಳಿ ತಂದದ್ದು ಒಳ್ಳೆಯ ಕೆಲಸ. ಇನ್ನು ಕಡೆಯ ಕುಣಿತ: ಮೃಗ ಹೋಗಿ ನುಣುಪು ಕೆನ್ನೆಯ ರಾಜಕುಮಾರ ಬಂದಿದ್ದಾನೆ. ಗಡ್ಡ ಬಿಟ್ಟರೆ ಹೇಗೆ ಎಂದು ಬೆಲ್ ಕೇಳುತ್ತಾಳೆ, ಅವನು ಗುರ್ ಅನ್ನುತ್ತಾನೆ. ಯಾಕೆ ಕೇಳಿದಳು ಎಂಬುದನ್ನು ಅಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಅಂಥ ಇನ್ನೂ ನಾಲ್ಕು ಮಾತು ಆ ಚಿತ್ರದಲ್ಲಿ ಇರಬೇಕಿತ್ತು.